ಬನಶಂಕರಿಯ ತಂಬುವಿನಿಂದ ಬೊಂಬಾಯಿಯ ಪರದೆಗೆ!

ಸಿಳ್ಳೆ ಹೊಡೆದವನು ನಾನೇ. ಮುಚ್ಚುಮರೆ ಯಾಕೆ?

ನಲವತ್ತು ದಾಟಿದ ಮನುಷ್ಯ. ಆದರೂ ಬನದ ಹುಣ್ಣಿಮೆಯ ತೇರು ಎಳೆದ ಮೇಲೆ ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಬಾದಾಮಿ, ಬನಶಂಕರೀ..." ಅಂತ ಕೂಗಿದರೆ ಕಾಲು ತಾನಾಗಿಯೇ ಫುಟ್‌ಬೋರ್ಡ್ ಏರುತ್ತದೆ. ಬಾದಾಮಿಯಿಂದ ಬನಶಂಕರಿ ಐದೇ ಕಿಲೋಮೀಟರ್. ಬಸ್ಸು ಇಳಿಯುವ ಮೊದಲೇ ಮೈಕು ಕಿವಿಗೆ ಅಪ್ಪಳಿಸುತ್ತದೆ. ಸಾಲಾಗಿ ನಾಟಕ ಕಂಪನಿಗಳ ತಂಬುಗಳು. ಒಂದು ಕಂಪನಿಯ ಕೂಗಿನ ಮೇಲೆ ಇನ್ನೊಂದರ ಕೂಗು. ಮಿಣಿಮಿಣಿ ದೀಪ, ಆಳೆತ್ತರದ ಬೋರ್ಡು! ಸಿನಿಮಾ ಹುಚ್ಚಿನ ನಾವು ನಾಲ್ವರು ಗೆಳೆಯರು ಟಿಕೆಟ್ ಹರಿಸಿ ಮುಂದಿನ ಸಾಲಿನ ಕುರ್ಚಿ ಹಿಡಿದೆವು.

ಎರಡನೇ ಅಂಕದಲ್ಲಿ ಆಕೆ ಬಂದಳು. ಹಾಡಿದಳು, ಕುಣಿದಳು. ನಾನು ಬೆರಳು ಮಡಚಿ ಬಾಯಲ್ಲಿಟ್ಟೆ. ತಂಬೂ ಹಾರುವಂಥ ಸಿಳ್ಳೆ!

ನಸುಕಿನಲ್ಲಿ ಚಹದ ಅಂಗಡಿಯ ಮುಂದೆ ಅದೇ ಹೆಣ್ಣುಮಗಳು. ಬಣ್ಣ ತೊಳೆದ ಮುಖ, ತಲೆಯ ಮೇಲೆ ಇಳಕಲ್ ಸೀರೆಯ ಕೆಂಪು ಸೆರಗು. ನನ್ನನ್ನು ನೋಡಿ ನಕ್ಕಳು.

"ಸಿಳ್ಳಿ ಹೊಡದಾವ್ರು ನೀವ ಅಲ್ಲೇನ್ರಿ ಯಣ್ಣಾ?"

ಚಹ ಗಂಟಲಲ್ಲೇ ನಿಂತಿತು. "ತಪ್ಪಾತ್ರಿ ಅಕ್ಕಾರ" ಅಂದೆ.

"ತಪ್ಪೇನ್ ಬಂತ್ರಿ, ಸಿಳ್ಳಿ ಬಿದ್ರ ಮಾಲಕರಿಗೂ ಖುಷಿ. ಆದ್ರ ಸಿಳ್ಳಿ ಹೊಡ್ಯಾವ್ರು ನೂರು ಮಂದಿ, ಹೆಸರು ಕೇಳಾವ್ರು ಒಬ್ರೂ ಇಲ್ಲ. ಅಷ್ಟ ನೋಡ್ರಿ."

ಮಿತ್ರರೇ, ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು!

ಎಮ್ಮೆ ಏರಿದ ಅಣ್ಣಾವ್ರು

"ನೀವು ಸಿನಿಮಾ ಮಂದಿ. 'ಸಂಪತ್ತಿಗೆ ಸವಾಲ್' ನೋಡೀರೇನು?" ಅಂತ ಆಕೆಯೇ ಕೇಳಿದಳು.

ನೋಡದವರು ಯಾರು! 1974ರಲ್ಲಿ ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ ಚಿತ್ರ. ರಾಜಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡು ಇವತ್ತಿಗೂ ಆರ್ಕೆಸ್ಟ್ರಾದವರಿಗೆ ಅನ್ನ ಹಾಕುತ್ತಿದೆ. ಅದುವರೆಗೆ ಅಣ್ಣಾವ್ರ ದನಿ ಅಂದರೆ ಪಿ.ಬಿ. ಶ್ರೀನಿವಾಸ್. ಅಣ್ಣಾವ್ರು ಪೂರ್ಣ ಪ್ರಮಾಣದ ಗಾಯಕರಾಗಲು ದಾರಿ ತೆರೆದದ್ದು ಈ ಹಾಡು. ಮಂಜುಳಾ ಅವರ ಗಯ್ಯಾಳಿ ಪಾತ್ರವನ್ನು ಮರೆಯುವುದುಂಟೇ? ಮುಂದೆ ಕಥೆ ತಮಿಳಿಗೂ ಹೋಯಿತು, ತೆಲುಗಿಗೂ ಹೋಯಿತು.

ಆದರೆ ಕಥೆ ಯಾರದು? ನಮ್ಮ ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರದು! ಕಂಪನಿ ತಂಬುಗಳಿಗೆಂದು ಬರೆದ ನಾಟಕ ಅದು. ಇಳಕಲ್ಲಿನ ಹತ್ತಿರದ ಕಂದಗಲ್ಲಿನ ಹನುಮಂತರಾಯರು 'ರಕ್ತರಾತ್ರಿ' ಬರೆದರು. ಪೌರಾಣಿಕ ನಾಟಕ ಅಂದರೆ ಈ ಕಡೆ ಇಂದಿಗೂ ಮೊದಲು ಬಾಯಿಗೆ ಬರುವ ಹೆಸರು ಅದೇ. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ಒಂದೇ ಸೀಮೆಯ ಇಬ್ಬರು! ಹೀರೋ ಹೆಸರಿಗೆ ಹಾಲಿನ ಅಭಿಷೇಕ ಮಾಡುವ ನಮಗೆ ಕಥೆ ಕೊಟ್ಟ ಊರಿನ ಹೆಸರು ಗೊತ್ತಿರಲಿಲ್ಲ.

ಬೀಳಗಿಯ ಅಕ್ಕ-ತಂಗಿ

ಆ ಬೆಳಿಗ್ಗೆ ಆಕೆ ಹೇಳಿದ ಇನ್ನೆರಡು ಹೆಸರು ಗೋಹರಬಾಯಿ, ಅಮೀರಬಾಯಿ.

ಇಬ್ಬರೂ ಬೀಳಗಿಯ ಮುಸ್ಲಿಂ ಮನೆಯ ಹೆಣ್ಣುಮಕ್ಕಳು. ಬೀಳಗಿ ಆಗ ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ನಾಟಕ, ಸಂಗೀತ ಹಿಡಿದು ಹೊರಟವರು ಬೊಂಬಾಯಿ ಸೇರಿದರು. ಗೋಹರ್ ಮರಾಠಿ ರಂಗಭೂಮಿಯ ಚಕ್ರವರ್ತಿ ಬಾಲಗಂಧರ್ವರ ಕಂಪನಿಗೆ ಹೋದರು. ಬಾಲಗಂಧರ್ವರು ಯಾರು ಗೊತ್ತೇ? ಗಂಡಸಾಗಿದ್ದು ಹೆಣ್ಣಿನ ಪಾತ್ರ ಮಾಡಿ ಇಡೀ ಮಹಾರಾಷ್ಟ್ರವನ್ನೇ ಮರುಳು ಮಾಡಿದವರು. ಅವರಿಗೆ ವಯಸ್ಸಾದಾಗ ಅವರು ಉಟ್ಟ ನಾಯಕಿಯ ಸೀರೆಯನ್ನು ಉಟ್ಟು ರಂಗದ ಮೇಲೆ ನಿಂತವರು ನಮ್ಮ ಬೀಳಗಿಯ ಗೋಹರ್! ಬಾಲಗಂಧರ್ವರ ಬಾಳಸಂಗಾತಿಯೂ ಆದರು. ಅನೇಕ ಮರಾಠಿ ಅಭಿಮಾನಿಗಳು ಆಕೆಯನ್ನು ಒಪ್ಪಲಿಲ್ಲ, ಬೈದರು. ಆದರೂ ಆಕೆ ಹಾಡಿದರು.

ತಂಗಿ ಅಮೀರಬಾಯಿ ಪರದೆಗೆ ಹೋದರು. 1943ರ 'ಕಿಸ್ಮತ್' ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿದ ಚಿತ್ರ. ಅದರಲ್ಲಿ ಮೊಳಗಿದ ದನಿ ಅಮೀರಬಾಯಿಯದು. ಕನ್ನಡ, ಹಿಂದಿ, ಮರಾಠಿ, ಗುಜರಾತಿ ಎಲ್ಲದರಲ್ಲೂ ಹಾಡಿದರು. ವಿಜಾಪುರದಲ್ಲಿ ಅಮೀರ್ ಟಾಕೀಸ್ ಅಂದರೆ ಹಳಬರಿಗೆ ಇಂದೂ ಆಕೆಯೇ ನೆನಪು. 1965ರಲ್ಲಿ ತೀರಿಕೊಂಡರು.

ಎಷ್ಟು ಭಾಷೆಯಲ್ಲಿ ಹಾಡಿದರೂ ಹೆಸರಿನ ಮುಂದೆ ಏನಿಟ್ಟುಕೊಂಡಿದ್ದರು? 'ಕರ್ನಾಟಕಿ'! ಅಮೀರಬಾಯಿ ಕರ್ನಾಟಕಿ, ಗೋಹರಬಾಯಿ ಕರ್ನಾಟಕಿ. ಊರು ಬಿಟ್ಟರು, ಊರಿನ ಹೆಸರು ಬಿಡಲಿಲ್ಲ.

ಗೋವಾದ ಗಾರೆ, ಜಾತ್ರೆಯ ಕುರ್ಚಿ

ಈಗಲೂ ಇಲ್ಲಿಯವರು ಊರು ಬಿಡುತ್ತಾರೆ. ಮಳೆ ಕೈಕೊಟ್ಟರೆ ಹುನಗುಂದ, ಬಾದಾಮಿ ಕಡೆಯ ಹುಡುಗರು ಗೋವಾ, ಮಂಗಳೂರು, ಮುಂಬೈ ಅಂತ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಹೋಗುತ್ತಾರೆ. ಬನಶಂಕರಿ ಜಾತ್ರೆಗೆ ತಪ್ಪದೆ ಬರುತ್ತಾರೆ. ನಮ್ಮ ಹಿಂದಿನ ಸಾಲಿನಲ್ಲಿ ಅಂಥವರೇ ತುಂಬಿದ್ದರು. ಹಾಸ್ಯಪಾತ್ರಧಾರಿ ಅದನ್ನು ಬಲ್ಲ. ಅರ್ಧ ಮಾತು ಹಿಂದಿ, ಕಾಲು ಮರಾಠಿ, ನಡುವೆ ಒಂದು ಕೊಂಕಣಿ ಬೈಗುಳ. ಗೋವಾ ಹುಡುಗರು ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ಮುರಿಯುತ್ತಿದ್ದ ಮುದುಕಿಗೆ ಅದೊಂದೂ ತಿಳಿಯಲಿಲ್ಲ. ಮೊಮ್ಮಗ ನಕ್ಕನಲ್ಲ ಅಂತ ಅವಳೂ ನಕ್ಕಳು. ಯಾವ ಮಲ್ಟಿಪ್ಲೆಕ್ಸ್‌ನಲ್ಲಿ ಸಿಕ್ಕೀತು ಈ ನೋಟ?

ಕಂಪನಿಗಳಿಗೆ ಈ ಜಾತ್ರೆಯೇ ಸುಗ್ಗಿ. ಇಲ್ಲಿ ಗಲ್ಲಾ ತುಂಬಿದರೆ ವರ್ಷದ ಸಾಲ ತೀರುತ್ತದೆ. ಮುಂದೆ ಶಿರಸಿಯೋ ಇನ್ನೊಂದೋ ಜಾತ್ರೆಗೆ ಲಾರಿ ಹತ್ತಬಹುದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ತಂಬುಗಳೆಲ್ಲ ಮಡಚಿ ಬಿದ್ದವು. "ಬಣ್ಣದ ಪೆಟ್ಟಿಗಿ ಮಂಚದ ಕೆಳಗ ಸೇರಿತ್ರಿ. ನಾ ಹೊಲದಾಗ ಕಳೆ ತಗಿಲಿಕ್ಕ ಹೋದೆ" ಅಂದಳು ಆಕೆ. ದೂರಿನ ದನಿಯಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

"ಮತ್ತ ಯಾಕ ಬಂದ್ರಿ ಅಕ್ಕಾರ?"

"ಹೊಲದಾಗ ಯಾರ ಸಿಳ್ಳಿ ಹೊಡಿತಾರ್ರಿ!" ಅಂತ ನಕ್ಕಳು.

ಬಾಗಲಕೋಟೆಯ ಮೊದಲ ಬಸ್ಸು ಹಾರ್ನ್ ಹೊಡೆಯಿತು. ಗೆಳೆಯರು ಕೂಗಿದರು. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಅಕ್ಕಾರ, ನಿಮ್ಮ ಹೆಸರೇನ್ರಿ? ನಾ ಸಿನಿಮಾ ಪೇಪರಿಗೆ ಬರಿತೀನಿ. ಫೋಟೋ ಸಮೇತ ಹಾಕಸ್ತೀನಿ."

ಹೆಸರು ಹೇಳಿದಳು. ಚೆಂದದ ಹೆಸರು. ನಾನು ಪೆನ್ನು ತೆಗೆದು ಬರೆದುಕೊಂಡೆ. ಆಕೆ ನನ್ನ ಪೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗು ಮುಂದೆ ಎಳೆದುಕೊಂಡು ಮೆಲ್ಲಗೆ ಅಂದಳು:

"ಹೆಸರು ಹಾಕಬ್ಯಾಡ್ರಿ ಯಣ್ಣಾ. ಮಗಳಿಗೆ ಗಂಡು ನೋಡಾಕತ್ತೀವಿ. ಬೀಗರ ಕಡ್ಯಾವ್ರಿಗೆ ನಾ ನಾಟಕದಾಕಿ ಅಂತ ಗೊತ್ತಿಲ್ಲ."

ಮಿತ್ರರೇ, ಅದಕ್ಕೇ ಈ ಲೇಖನದಲ್ಲಿ ಆಕೆಯ ಹೆಸರಿಲ್ಲ. ನೂರು ವರ್ಷದ ಹಿಂದೆ ಬೀಳಗಿಯಿಂದ ಹೊರಟ ಹೆಣ್ಣುಮಕ್ಕಳು ಊರಿನ ಹೆಸರನ್ನು ಬೊಂಬಾಯಿಗೆ ಒಯ್ದರು. ಅದೇ ನೆಲದಲ್ಲಿ ನಿಂತು ನಮ್ಮನ್ನು ನಗಿಸುವ, ಅಳಿಸುವ ಈ ಹೆಣ್ಣುಮಗಳು ತನ್ನ ಹೆಸರನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಬೇಕು. ಆ ಬೀಗರು ಬೇರೆ ಯಾರೋ ಅಲ್ಲ. ಮುಂದಿನ ಸಾಲಿನಲ್ಲಿ ಕೂತು ಸಿಳ್ಳೆ ಹೊಡೆಯುವ ನಾವೇ, ನಮ್ಮ ಮನೆಯವರೇ.

ಬರುವ ಬನದ ಹುಣ್ಣಿಮೆಗೆ ನಾನಂತೂ ಹೋಗುತ್ತೇನೆ. ಟಿಕೆಟ್ ಹರಿಸುತ್ತೇನೆ. ಸಿಳ್ಳೆಯನ್ನೂ ಹೊಡೆಯುತ್ತೇನೆ, ಅದು ಆಕೆಗೆ ಬೇಕು. ಆದರೆ ಮಗಳ ಲಗ್ನ ಆಯಿತೇ ಅಂತ ಮೊದಲು ಕೇಳುತ್ತೇನೆ. ಆಗಿದ್ದರೆ, ಹೆಸರು ಬರೆದ ಆ ಚೀಟಿ ಇನ್ನೂ ನನ್ನ ಕಿಸೆಯಲ್ಲೇ ಇದೆ!