ಎಷ್ಟು ಪರ್ಸೆಂಟ್ ಬ್ಲಾಕ್?

ಡೊಂಬಿವಲಿಯಲ್ಲಾಗಲಿ ವಾಶಿಯಲ್ಲಾಗಲಿ, ನಮ್ಮವರು ನಾಲ್ಕು ಜನ ಸೇರಿದ ಕಡೆ ಯಾರಿಗೋ ಆ್ಯಂಜಿಯೋಗ್ರಫಿ ಆಯಿತಂತೆ ಎಂಬ ಸುದ್ದಿ ಬಂದರೆ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟ್ ಬ್ಲಾಕ್?’ ತೊಂಬತ್ತು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮೂವತ್ತು ಎಂದರೆ, ಸದ್ಯ ಬಚಾವ್!

ಆದರೆ ಆ್ಯಂಜಿಯೋಗ್ರಫಿ ತೋರಿಸುವುದು ನಾಳದೊಳಗೆ ಹರಿಯುವ ಡೈಯ ನೆರಳನ್ನಷ್ಟೇ. ಕೊಬ್ಬು ಕೂತಿರುವುದು ಗೋಡೆಯಲ್ಲಿ. ಅದನ್ನು ನೋಡಲು ಒಳಗೇ ಇಳಿಯಬೇಕು. ಆ್ಯಂಜಿಯೋಗ್ರಫಿ ನಡೆಯುವ ಕ್ಯಾಥ್ ಲ್ಯಾಬಿನ ಭಾಷೆಯಲ್ಲಿ ಅದು ಐವಸ್: ರಕ್ತನಾಳದೊಳಗಿನ ಅಲ್ಟ್ರಾಸೌಂಡ್.

ಮಣಿಕಟ್ಟಿನಿಂದಲೋ ತೊಡೆಸಂದಿಯಿಂದಲೋ ಹೊರಟ 0.36 ಮಿ.ಮೀ. ದಪ್ಪದ ತಂತಿ, ಅದರ ಮೇಲೆ ಸುಮಾರು 1 ಮಿ.ಮೀ. ದಪ್ಪದ ಕ್ಯಾತಿಟರ್. ಅದು ಸೇರುವ ಹೃದಯದ ನಾಳದ ಅಗಲವೇ 3-4 ಮಿ.ಮೀ. ತುದಿಯ ಹರಳು ಹೊರಡಿಸುವ ಶಬ್ದ 40 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 4 ಕೋಟಿ ಕಂಪನ. ನಮ್ಮ ಕಿವಿ 20,000ಕ್ಕೇ ಸೋಲುತ್ತದೆ. 2 ಮಿ.ಮೀ. ಆಚೆಯ ಗೋಡೆಗೆ ಬಡಿದು ಆ ಶಬ್ದ ಮರಳಲು ಸೆಕೆಂಡಿನ 10 ಲಕ್ಷದಲ್ಲಿ ಮೂರು ಪಾಲೂ ಬೇಡ. ಹರಳು ನಿಮಿಷಕ್ಕೆ 1800 ಸುತ್ತು ತಿರುಗುತ್ತದೆ, ಸುತ್ತಿಗೊಂದು ಚಿತ್ರ.

ಇಷ್ಟೆಲ್ಲ ಅವಸರದ ಈ ಯಂತ್ರ ಚಿತ್ರ ತೆಗೆಯುತ್ತ ನಾಳದಲ್ಲಿ ಹಿಂದಕ್ಕೆ ಸರಿಯುವುದು ಮಾತ್ರ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮಿಲಿಮೀಟರ್! ಆ ವೇಗದಲ್ಲಿ ಥಾಣೆಯಿಂದ ಕಲ್ಯಾಣಕ್ಕೆ, ಸುಮಾರು 20 ಕಿ.ಮೀ., ಹಗಲಿರುಳು ನಡೆದರೂ ಒಂದೂಕಾಲು ವರ್ಷ. ಸೆಂಟ್ರಲ್ ಲೈನಿನ ಲೋಕಲ್ ಎಷ್ಟೇ ಲೇಟಾದರೂ ಇಷ್ಟಾಗದು ಬಿಡಿ. 5 ಸೆಂ.ಮೀ. ನಾಳಕ್ಕೆ 100 ಸೆಕೆಂಡು ಸಾಕು; ಅಷ್ಟರಲ್ಲಿ 3000 ಅಡ್ಡಸೀಳು ಚಿತ್ರಗಳು ಕೈಗೆ ಬಂದಿರುತ್ತವೆ.

ಆ ಚಿತ್ರಗಳು ಹೇಳುವುದೇನು? ಕೊಬ್ಬು ಬೆಳೆದಂತೆ ನಾಳ ಹೊರಕ್ಕೆ ಉಬ್ಬಿ ಜಾಗ ಮಾಡಿಕೊಡುತ್ತದೆ. 1987ರಲ್ಲಿ ಶಿಕಾಗೋದ ಸೀಮೋರ್ ಗ್ಲಾಗೊವ್ ತಂಡ 136 ಮೃತರ ಹೃದಯಗಳನ್ನು ಕತ್ತರಿಸಿ ನೋಡಿ ಇದನ್ನು ತೋರಿಸಿಕೊಟ್ಟಿತು: ನಾಳದ 40 ಪರ್ಸೆಂಟ್ ಜಾಗವನ್ನು ಕೊಬ್ಬು ನುಂಗುವವರೆಗೂ ರಕ್ತದ ದಾರಿ ಕಿರಿದಾಗುವುದಿಲ್ಲ. ಲೆಕ್ಕ ಹಾಕಿ: 3 ಮಿ.ಮೀ. ದಾರಿ 3 ಆಗಿಯೇ ಉಳಿಯುತ್ತದೆ, ನಾಳ ಮಾತ್ರ 3.9ಕ್ಕೆ ಉಬ್ಬಿರುತ್ತದೆ. ಆ್ಯಂಜಿಯೋಗ್ರಫಿಯ ಕಣ್ಣಿಗೆ ಬ್ಲಾಕ್ ಸೊನ್ನೆ.

ನನ್ನನ್ನು ಬೆಚ್ಚಿಬೀಳಿಸಿದ ಲೆಕ್ಕ ಇನ್ನೊಂದಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹೃದಯ ಕಸಿ ಮಾಡಿಸಿಕೊಂಡ 262 ಜನರಿಗೆ ಐವಸ್ ಮಾಡಿದರು. ಅಂದರೆ ನೋಡಿದ್ದು ದಾನಿಗಳ ಹೃದಯಗಳನ್ನು, ಚೆನ್ನಾಗಿವೆಯೆಂದು ಆರಿಸಿಕೊಂಡವನ್ನು. 2001ರಲ್ಲಿ ಬಂದ ವರದಿಯ ಪ್ರಕಾರ 50 ದಾಟಿದ ದಾನಿಗಳಲ್ಲಿ 85 ಪರ್ಸೆಂಟ್ ಜನಕ್ಕೆ ಗೋಡೆಯಲ್ಲಿ ಕೊಬ್ಬು. ಅದು ಸರಿ, ವಯಸ್ಸಾಯಿತು ಎನ್ನೋಣ. ಇಪ್ಪತ್ತು ತುಂಬದವರಲ್ಲೂ ಆರರಲ್ಲೊಬ್ಬರಿಗಿತ್ತು!

2011ರ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ 697 ರೋಗಿಗಳು. ಅವರಲ್ಲಿ ಸ್ಟೆಂಟ್ ಹಾಕದೆ ಬಿಟ್ಟು, ಮುಂದೆ ತೊಂದರೆ ಕೊಟ್ಟ ಜಾಗಗಳ ಬ್ಲಾಕ್ ಆರಂಭದಲ್ಲಿ ಸರಾಸರಿ 32 ಪರ್ಸೆಂಟ್. ನಾವು ‘ಬಚಾವ್’ ಎನ್ನುವ ಸಂಖ್ಯೆ.

ಐವಸ್‌ಗೂ ಮಿತಿ ಇದೆ. ಒಡೆಯುವ ಕೊಬ್ಬಿನ ಗಡ್ಡೆಯ ಮೇಲಿನ ಪೊರೆ 65 ಮೈಕ್ರಾನ್‌ಗಿಂತ ತೆಳು. ಸುಮಾರು 100 ಮೈಕ್ರಾನ್‌ಗಿಂತ ಸಣ್ಣದನ್ನು ಐವಸ್ ಬಿಡಿಸಿ ತೋರಿಸದು. ಅದಕ್ಕೆ ಬೆಳಕಿನಿಂದ ನೋಡುವ ಓಸಿಟಿ ಬೇಕು. ಎಲ್ಲರಿಗೂ ಇವು ಬೇಕೆಂದೇನೂ ಇಲ್ಲ. ಆದರೆ ಲೆಫ್ಟ್ ಮೇನ್ ನಾಳಕ್ಕೋ ತೊಡಕಿನ ಬ್ಲಾಕಿಗೋ ಸ್ಟೆಂಟ್ ಹಾಕುವಾಗ ಎರಡರಲ್ಲೊಂದನ್ನು ಬಳಸಿ ಎಂದು 2024ರಲ್ಲಿ ಯುರೋಪಿನ, 2025ರಲ್ಲಿ ಅಮೆರಿಕದ ಮಾರ್ಗಸೂಚಿಗಳು ಅತ್ಯುನ್ನತ ದರ್ಜೆಯ ಶಿಫಾರಸು ಮಾಡಿವೆ. ಮನೆಯವರಿಗೆ ಅಂಥ ಸ್ಟೆಂಟ್ ಎಂದಾದರೆ, ಸಹಿ ಹಾಕುವ ಮೊದಲೇ ಡಾಕ್ಟರನ್ನು ಕೇಳಿ: ‘ಐವಸ್ ಮಾಡ್ತೀರಾ?’