ದುಡಿಮೆಗೆ ತಕ್ಕ ಊಟ ಎಷ್ಟು?

ಇಬ್ಬರು ಗಂಡಸರು. ಇಬ್ಬರ ತೂಕವೂ 65 ಕೆಜಿ. ಒಬ್ಬರು ಬೆಂಗಳೂರಿನ ಕಚೇರಿಯಲ್ಲಿ ದಿನವಿಡೀ ಕುರ್ಚಿಯಲ್ಲಿ, ಇನ್ನೊಬ್ಬರು ಮಂಡ್ಯದ ಗದ್ದೆಯಲ್ಲಿ ಕಬ್ಬು ಕಡಿಯುತ್ತಾರೆ. ಇಬ್ಬರಿಗೂ ಒಂದೇ ಊಟ ಸಾಕೇ?

ಖಂಡಿತ ಸಾಲದು. ಸುಮ್ಮನೆ ಮಲಗಿದ್ದರೂ ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಅಷ್ಟಕ್ಕೇ ಇವರಿಗೆ ದಿನಕ್ಕೆ ಸುಮಾರು 1,500 ಕಿಲೋ ಕ್ಯಾಲೊರಿ ಬೇಕು. ಅದನ್ನು ಚಟುವಟಿಕೆಯ ಅಂಕಿಯಿಂದ ಗುಣಿಸಿದರೆ ಇಡೀ ದಿನದ ಅಂದಾಜು ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಲೆಕ್ಕದಲ್ಲಿ ಕುಳಿತು ಮಾಡುವ ಕೆಲಸಕ್ಕೆ 1.4, ಮಧ್ಯಮ ದುಡಿಮೆಗೆ 1.8, ಕಠಿಣ ದುಡಿಮೆಗೆ 2.3. ಅಂದರೆ ಕಚೇರಿಯವರಿಗೆ 2,110, ಕಬ್ಬು ಕಡಿಯುವವರಿಗೆ 3,470.

ಸಂಜೆ ಅರ್ಧ ಗಂಟೆ ನಡೆದ ಮಾತ್ರಕ್ಕೆ 1.4 ಇದ್ದದ್ದು 1.8 ಆಗುವುದಿಲ್ಲ. 24 ಗಂಟೆಯ ಒಟ್ಟು ಓಡಾಟವೇ ಲೆಕ್ಕ.

ಹೆಂಗಸರ ವಿಷಯಕ್ಕೆ ಹೆಚ್ಚು ಗಮನ ಬೇಕು. 55 ಕೆಜಿ ತೂಕದ ಮಹಿಳೆಗೆ ಕೂತ ಕೆಲಸಕ್ಕೆ 1,660 ಸಾಕು. ದಿನವೆಲ್ಲ ಮೈಮುರಿದು ದುಡಿಯುವವರಿಗೆ 2,720 ಬೇಕು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಂಡರೆ ಅಷ್ಟು ದಕ್ಕುವುದು ಕಷ್ಟ. ಗರ್ಭಿಣಿಯಾಗಿದ್ದರೆ ದಿನಕ್ಕೆ ಇನ್ನೂ 350 ಸೇರಿಸಿ, ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು 600.