ಗಡಿ ಮಕ್ಕಳ ಬುದ್ಧಿಗೆ ಯಾರ ಅಳತೆಗೋಲು?

1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ವಿ. ವಿ. ಕಾಮತ್ ಅವರ ಪ್ರಬಂಧ ಅಚ್ಚಾಯಿತು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೊಡೊರ್ ಸಿಮೋನ್ 1905ರಲ್ಲಿ ರಚಿಸಿದ ಬುದ್ಧಿ ಪರೀಕ್ಷೆಯನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸಿದ ಕೆಲಸದ ವರದಿ ಅದು. ಯಾವ ಮಕ್ಕಳಿಗೆ ಎಂಬುದನ್ನು ಶೀರ್ಷಿಕೆಯೇ ಹೇಳುತ್ತಿತ್ತು: ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ. ನಮ್ಮ ಗಡಿಸೀಮೆಯ ಗೋಕಾಕ, ಹುಕ್ಕೇರಿಗಳು ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿ ಆಗ ಗೋಕಾಕಿಗೆ ಸೇರಿತ್ತು. ಒಂದೇ ಓಣಿಯಲ್ಲಿ ಎರಡು ಮಾತು ಕೇಳಿಬರುವ ಸೀಮೆಯಿದು. ಭಾರತದ ಮಕ್ಕಳ ಮನೋವಿಜ್ಞಾನ ದಶಕಗಟ್ಟಲೆ ಕೈಯಲ್ಲಿ ಹಿಡಿದ ಅಳತೆಗೋಲೊಂದು ಈ ಎರಡು ಭಾಷೆಯ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡೇ ಹುಟ್ಟಿತು. ಅದನ್ನು ತಿದ್ದುತ್ತ, ಹೊಸದನ್ನು ಮಾಡುತ್ತ ಹೋಗುವವರು ಇಂಥ ಊರುಗಳಿಂದಲೂ ಬರಬೇಕಿತ್ತು. ಪಿಎಚ್‌.ಡಿ. ಮುಗಿಸಿದ ತರುಣ ಸಂಶೋಧಕರನ್ನು ಫೆಲೋಶಿಪ್ ಕೊಟ್ಟು ಶಾಲಾ ಮನೋವಿಜ್ಞಾನಕ್ಕೆ ಕರೆತರುವ ಮಾತು ಬಂದಾಗಲೆಲ್ಲ ಅದನ್ನು ಔದಾರ್ಯದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅದು ಅಳತೆಗೋಲಿನ ನಿಖರತೆಯ ಪ್ರಶ್ನೆ ಎಂಬುದು ನನ್ನ ವಾದ.

ಬಿನೆಗೆ ಕೆಲಸ ಒಪ್ಪಿಸಿದ್ದು ಫ್ರಾನ್ಸಿನ ಸರ್ಕಾರ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಯಾರಿಗೆ ವಿಶೇಷ ಕಲಿಕೆ ಬೇಕೆಂದು ಗುರುತಿಸಲು 1904ರಲ್ಲಿ ಒಂದು ಸಮಿತಿ ನೇಮಕವಾಗಿತ್ತು. ನೆರವು ಬೇಕಾದ ಮಗುವನ್ನು ಹುಡುಕುವುದೇ ಉದ್ದೇಶ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯದು ಎಂಬ ನಂಬಿಕೆಯನ್ನು ಬಿನೆ ಕಟುವಾಗಿ ವಿರೋಧಿಸಿದ್ದರು. ಅದೇ ಪರೀಕ್ಷೆ 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಕೈಗೆ ಬಂದು ಮಕ್ಕಳನ್ನು ಮೇಲು ಕೆಳಗಾಗಿ ನಿಲ್ಲಿಸುವ ಸಾಧನವಾಯಿತು. ನಮ್ಮ ಕಡೆ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಅದರ ಮುಖ್ಯಸ್ಥರು. ಕಾಮತರ ಪುಸ್ತಕ ಹೊರಬಂದದ್ದು 1940ರಲ್ಲಿ. ಅವರ ಕೆಲಸದ ಸೂಕ್ಷ್ಮ ಅನುವಾದದಲ್ಲಿಲ್ಲ. ಪ್ಯಾರಿಸ್ಸಿನ ಆರು ವರ್ಷದ ಮಗು ಬಿಡಿಸುವ ಪ್ರಶ್ನೆ ಇಲ್ಲಿನ ಮಗುವಿಗೆ ಏಳಕ್ಕೆ ಹತ್ತಬಹುದು, ಐದಕ್ಕೇ ಹತ್ತಬಹುದು. ಪ್ರತಿ ಪ್ರಶ್ನೆಯ ವಯಸ್ಸನ್ನು ಇಲ್ಲಿನ ಮಕ್ಕಳನ್ನು ಕೇಳಿಯೇ ಗೊತ್ತುಮಾಡಬೇಕು. ಒಳಗೊಳ್ಳುವಿಕೆ ಎಂಬ ಮಾತು ಚಾಲ್ತಿಗೆ ಬರುವುದಕ್ಕೆ ಎಷ್ಟೋ ಮೊದಲೇ ಆ ಕೆಲಸ ಶುರುವಾಗಿತ್ತು.

ತೊಂದರೆ ಬಂದದ್ದು ಆಮೇಲೆ. ಬಿನೆ–ಕಾಮತ್ ಪರೀಕ್ಷೆ ಈಗಲೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ, ಆದರೆ ಅದರ ಬೇರು ಸ್ವಾತಂತ್ರ್ಯಪೂರ್ವದ ಮಕ್ಕಳಲ್ಲಿದೆ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕ ಏರುತ್ತ ಹೋಗುತ್ತದೆಂದು ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ ಅಂಕಿ ಅಂಶಗಳಿಂದ ತೋರಿಸಿದರು. ಹಾಗಾದರೆ ಅಜ್ಜನ ಕಾಲದ ಕೋಷ್ಟಕ ಹಿಡಿದು ಅಳೆದ ಮೊಮ್ಮಗನ ಅಂಕ ಇರುವುದಕ್ಕಿಂತ ಹೆಚ್ಚೇ ಬರುತ್ತದೆ. ನೆರವಿನ ಗೆರೆಯ ಅಂಚಿನಲ್ಲಿರುವ ಮಗು ‘ಇವನಿಗೇನೂ ಆಗಿಲ್ಲ’ ಎನಿಸಿಕೊಂಡು ವಾಪಸಾಗುತ್ತದೆ. ಇನ್ನೊಂದು ಕಡೆ ಪ್ರಶ್ನೆಯ ಭಾಷೆ, ಚಿತ್ರ, ಸಂದರ್ಭ ಮಗುವಿನ ಮನೆಯವಲ್ಲದಿದ್ದರೆ ಅಂಕ ಇಳಿಯುತ್ತದೆ. ಒಂದು ತಪ್ಪು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಸರಾಸರಿಯಲ್ಲಿ ಸರಿಹೋಗುತ್ತದಲ್ಲ ಎನ್ನಲು ಬರುವುದಿಲ್ಲ. ಪೇಟೆಯ ಮಗುವಿಗೆ ಮೊದಲ ತಪ್ಪು ತಗಲುತ್ತದೆ, ಹೊಲದ ವಸ್ತಿಯ ಮಗುವಿಗೆ ಎರಡನೆಯದು. ಎರಡೂ ಮಕ್ಕಳಿಗೆ ಅನ್ಯಾಯವೇ.

ಭಾಷೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗೋಕಾಕ ಸೀಮೆಯ ಮಗು ಸಾಲಿಗೆ ಹೋಗುತ್ತದೆ, ಗಂಗಾಳದಲ್ಲಿ ಉಣ್ಣುತ್ತದೆ, ಅಡುಗೆಮನೆಯಲ್ಲಿ ಉಳ್ಳಾಗಡ್ಡಿಯನ್ನೂ ಕಾಯಿಪಲ್ಲೆಯನ್ನೂ ನೋಡುತ್ತದೆ. ಈರುಳ್ಳಿ, ತಟ್ಟೆ, ತರಕಾರಿ ಎಂದು ಬರೆದ ಶಬ್ದಪರೀಕ್ಷೆ ಅದರ ಶಬ್ದಸಂಪತ್ತನ್ನು ಅಳೆಯುವುದಿಲ್ಲ. ಬೆಂಗಳೂರು ಮೈಸೂರಿನ ಕನ್ನಡದೊಂದಿಗೆ ಅದಕ್ಕಿರುವ ಪರಿಚಯವನ್ನು ಅಳೆಯುತ್ತದೆ. ಇದೇ ಮಾತಿನಲ್ಲಿ ನಾಟಕ, ಕಾವ್ಯ ಬರೆದ ಚಂದ್ರಶೇಖರ ಕಂಬಾರರು ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಬೆಟಗೇರಿ ಕೃಷ್ಣಶರ್ಮರೂ ಬಸವರಾಜ ಕಟ್ಟೀಮನಿಯವರೂ ಗೋಕಾಕ ತಾಲ್ಲೂಕಿನವರು. ಜ್ಞಾನಪೀಠ ಮನ್ನಿಸಿದ ನುಡಿ ಪರೀಕ್ಷೆಯ ಹಾಳೆಯಲ್ಲಿ ತಪ್ಪಾಗಬಾರದು. ಲಿಪಿಯದೂ ಒಂದು ಲೆಕ್ಕವಿದೆ. ಕನ್ನಡದ ಮಕ್ಕಳು ಕಾಗುಣಿತ, ಒತ್ತಕ್ಷರಗಳನ್ನು ಪೂರ್ತಿ ವಶಮಾಡಿಕೊಳ್ಳಲು ನಾಲ್ಕನೆಯ ತರಗತಿ ದಾಟುವಷ್ಟು ಕಾಲ ಹಿಡಿಯುತ್ತದೆ, ಬಿಡಿ ಧ್ವನಿಗಳ ಅರಿವು ಅವರಲ್ಲಿ ನಿಧಾನವಾಗಿ ಮೂಡುತ್ತದೆ ಎಂದು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಇಂಗ್ಲಿಷ್ ಓದಿನ ಗಡಿಯಾರ ಹಿಡಿದು ನೋಡಿದರೆ ಸರಿಯಾದ ವೇಗದಲ್ಲೇ ಕಲಿಯುತ್ತಿರುವ ಮಗು ಹಿಂದುಳಿದಂತೆ ಕಾಣುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಎಸ್. ರಮಾ ಮತ್ತು ಜೊತೆಗಾರರು ಕನ್ನಡದ ಡಿಸ್ಲೆಕ್ಸಿಯಾ ಕುರಿತು 1993ರಲ್ಲೇ ಬರೆದಿದ್ದರು. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಹೊರತಂದ, ಡಿಸ್ಲೆಕ್ಸಿಯಾ ಗುರುತಿಸುವ ‘ಡಾಲಿ’ ಪರೀಕ್ಷೆ ಹಿಂದಿ, ಇಂಗ್ಲಿಷ್‌ ಜೊತೆಗೆ ಮರಾಠಿ, ಕನ್ನಡದಲ್ಲೂ ಬಂತು. ಕಾಮತರ ಎರಡು ಭಾಷೆಗಳು ಎಂಬತ್ತು ವರ್ಷದ ಮೇಲೆ ಮತ್ತೆ ಜೊತೆಯಾದದ್ದು ಸಮಾಧಾನದ ಸಂಗತಿ. ಆದರೂ 2018ರಲ್ಲಿ ಕೇಂದ್ರ ಸರ್ಕಾರ ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಹೆಸರಿಸಿದ್ದು ನಿಮ್ಹಾನ್ಸ್ ಬ್ಯಾಟರಿ ಎಂಬ ಪರೀಕ್ಷೆಗಳ ಗುಚ್ಛವನ್ನು. ಅದರ ಓದು ಬರಹದ ಭಾಗ ಮೂಲತಃ ಇಂಗ್ಲಿಷಿನದು.

ಅಳೆಯುವವರು ಬದಲಾಗದೆ ಅಳತೆ ಬದಲಾಗದು ಎಂಬುದನ್ನು ಅಮೆರಿಕ ಕೋರ್ಟು ಕಟ್ಟೆ ಹತ್ತಿ ಕಲಿಯಿತು. ಅಲ್ಲಿ ಕರಿಯ ಮಕ್ಕಳನ್ನು ಬುದ್ಧಿ ಪರೀಕ್ಷೆಯ ಬಲದ ಮೇಲೆ ಮಂದಬುದ್ಧಿಯವರ ತರಗತಿಗೆ, ಅವರ ಜನಸಂಖ್ಯೆಯ ಪಾಲಿಗೆ ಮೀರಿ, ದೂಡಲಾಗುತ್ತಿತ್ತು. 1968ರಲ್ಲಿ ಕರಿಯ ಮನೋವಿಜ್ಞಾನಿಗಳು ತಮ್ಮದೇ ಸಂಘ ಕಟ್ಟಿಕೊಂಡು ಈ ಪರೀಕ್ಷೆಗಳನ್ನು ನಿಲ್ಲಿಸಿ ಎಂದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಪೋಷಕರು ‘ಲ್ಯಾರಿ ಪಿ.’ ಹೆಸರಿನ ಮೊಕದ್ದಮೆ ಹೂಡಿದರು. 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ ಆ ಮಕ್ಕಳ ಮೇಲೆ ಬುದ್ಧಿ ಪರೀಕ್ಷೆಯ ಅಂಥ ಬಳಕೆ ಕೂಡದೆಂದು ತೀರ್ಪಿತ್ತರು. ಈ ನಡುವೆ, 1974ರಲ್ಲಿ, ಅಮೆರಿಕನ್ ಮನೋವಿಜ್ಞಾನ ಸಂಘ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಫೆಲೋಶಿಪ್ ಆರಂಭಿಸಿತ್ತು. ಈಗ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಹೆಸರಿನಲ್ಲಿ ಕಾಣುವ ಫೆಲೋಶಿಪ್‌ಗಳಿಗೆ ದಾರಿ ಹಾಕಿದ್ದು ಇಂಥ ಯತ್ನಗಳೇ. ತೀರ್ಪು ಕೆಟ್ಟ ಪರೀಕ್ಷೆಯನ್ನು ತಡೆಯಬಲ್ಲದು, ಒಳ್ಳೆಯದನ್ನು ರಚಿಸಿಕೊಡಲಾರದು. ರಚಿಸಲು ಆ ಮಕ್ಕಳ ಮಾತು ಬಲ್ಲ, ಸಂಖ್ಯಾಶಾಸ್ತ್ರವನ್ನೂ ಬಲ್ಲ ಜನ ಬೇಕು.

ನಮ್ಮಲ್ಲಿ ಹಣದ ದಾರಿ ಇಲ್ಲವೆಂದಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ಪಿಎಚ್‌.ಡಿ. ನಂತರದ ಫೆಲೋಶಿಪ್‌ಗಳನ್ನು ಯುಜಿಸಿ ಕೊಟ್ಟಿದೆ. 2022ರ ಶಿಕ್ಷಕರ ದಿನದಂದು ಪ್ರಕಟಿಸಿದ ಡಾ. ರಾಧಾಕೃಷ್ಣನ್ ಫೆಲೋಶಿಪ್‌ನ 900 ಸ್ಥಾನಗಳಲ್ಲಿ ಶೇ 30 ಮಹಿಳೆಯರಿಗೆ. ಆದರೆ ಇವು ವ್ಯಕ್ತಿಯನ್ನು ನೋಡುತ್ತವೆ, ಶಾಲೆಯನ್ನು ನೋಡುವುದಿಲ್ಲ. ಫೆಲೋಶಿಪ್ ಪಡೆದವರು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಒಂದು ತರಗತಿಗೂ ಕಾಲಿಡದೆ ಅವಧಿ ಮುಗಿಸಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಆ ಜಿಲ್ಲೆಗೇ ಸೇರಿವೆ. ಇಲ್ಲಿನ ಶಾಲೆಗಳಿಗೆ ಕಟ್ಟಿಹಾಕಿದ, ಇಲ್ಲಿನ ಎರಡು ಮಾತು ಬಲ್ಲವರಿಗೆ ಆದ್ಯತೆ ಕೊಡುವ, ಮೂರು ವರ್ಷದ ಕೆಲವೇ ಫೆಲೋಶಿಪ್‌ಗಳು ಸಾಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇವೆ.

ಶಾಲೆಯಲ್ಲಿ ಆಪ್ತಸಮಾಲೋಚಕರೇ ಇಲ್ಲದಿರುವಾಗ ಸಂಶೋಧಕರಿಗೇಕೆ ದುಡ್ಡು ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. 500 ಮಕ್ಕಳಿಗೊಬ್ಬ ಶಾಲಾ ಮನೋವಿಜ್ಞಾನಿ ಇರಬೇಕೆಂದು ಅಮೆರಿಕದ ಶಾಲಾ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಘ ಹೇಳುತ್ತದೆ; ನಮಗೆ ಆ ಲೆಕ್ಕ ಕನಸು. ಆದರೆ ಸಮಾಲೋಚಕರು ನೇಮಕವಾದ ಮೊದಲ ದಿನವೇ ಅವರ ಕೈಗೊಂದು ಪರೀಕ್ಷೆ ಬೇಕು. ಸುಳ್ಳು ತಕ್ಕಡಿಯ ಅಂಗಡಿಗಳನ್ನು ಹೆಚ್ಚಿಸಿದರೆ ತೂಕ ಸರಿಹೋಗುವುದಿಲ್ಲ. ಭಾಷೆಯೇ ಬೇಡದ ಚಿತ್ರಪರೀಕ್ಷೆ ಇದೆಯಲ್ಲ ಎಂಬ ಇನ್ನೊಂದು ಉತ್ತರವೂ ಉಂಟು. 1938ರ ರೇವನ್ ಪರೀಕ್ಷೆ ಅಂಥದ್ದು. ಆದರೆ ತಲೆಮಾರಿನ ಏರಿಕೆ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಅದರಲ್ಲೇ ಎಂದು ಫ್ಲಿನ್ 1987ರಲ್ಲಿ ತೋರಿಸಿದರು. ಕಾಲಕ್ಕೆ ಇಷ್ಟು ಮಣಿಯುವ ಪರೀಕ್ಷೆ ಸಂಸ್ಕೃತಿಗೆ ಮಣಿಯದು ಎನ್ನುವುದು ಹೇಗೆ? ಊರು, ಜಾತಿ, ಭಾಷೆ ನೋಡಿ ಫೆಲೋಶಿಪ್ ಕೊಟ್ಟರೆ ಅರ್ಹತೆ ಇಳಿಯುತ್ತದೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಅಷ್ಟು ತಾಳ್ಮೆಯಿಲ್ಲ. ಮಗು ಏನೆಂದಿತು ಎಂದು ತಿಳಿಯುವುದೇ ಇಲ್ಲಿ ಮೊದಲ ಅರ್ಹತೆ. ನಿಜಕ್ಕೂ ಯೋಚಿಸಬೇಕಾದ ಆಕ್ಷೇಪ ಬೇರೆ: ಆಡುನುಡಿಗೆ ಪರೀಕ್ಷೆ ಮಣಿದರೆ ಮಗು ಅಲ್ಲೇ ಉಳಿದುಬಿಡುವುದಿಲ್ಲವೇ? ಮಾಸ್ತರು ಗ್ರಂಥದ ಕನ್ನಡವನ್ನು ಕಲಿಸಲೇಬೇಕು. ಆದರೆ ಕಲಿಸುವುದು ಒಂದು ಕೆಲಸ, ಕಲಿಯಬಲ್ಲದೇ ಎಂದು ನೋಡುವುದು ಇನ್ನೊಂದು. ಈರುಳ್ಳಿ ಗೊತ್ತಿಲ್ಲದ ಮಗುವಿಗೆ ಆ ಪದ ಕಲಿಸಬೇಕು, ಬುದ್ಧಿ ಕಡಿಮೆ ಎಂದು ಬರೆಯಬಾರದು.

ಈ ಮೂರು ತಾಲ್ಲೂಕುಗಳಲ್ಲಿ ಮಾಡುವುದು ಬೇಕಾದಷ್ಟಿದೆ. ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ನಡೆಸುವ ‘ಮಾಸ್’ ಸಂಸ್ಥೆಯಿದೆ. ಆ ತಾಯಂದಿರ ಮಕ್ಕಳು ಶಾಲೆಯಲ್ಲಿ ತಂದೆಯ ಹೆಸರಿನ ಅಂಕಣದ ಮುಂದೆ ನಿಂತಾಗ ಕಾಡುವ ಮುಜುಗರ, ಅದು ಓದಿನ ಮೇಲೆ ಬಿಡುವ ಗುರುತು ಯಾವ ಬುದ್ಧಿ ಪರೀಕ್ಷೆಗೂ ಸಿಗುವುದಿಲ್ಲ. ಸುಗ್ಗಿಯಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಮಹಾರಾಷ್ಟ್ರದಿಂದ ಮಕ್ಕಳೂ ಬರುತ್ತಾರೆ. ಕಲಿಕಾ ನ್ಯೂನತೆಯ ಮೊದಲ ತಪಾಸಣೆಯನ್ನು 2018ರ ಮಾರ್ಗಸೂಚಿ ಮೂರನೆಯ ತರಗತಿಯ ಶಿಕ್ಷಕರಿಗೆ ಒಪ್ಪಿಸಿತು. ವರ್ಷದ ನಡುವೆ ಬಂದು ಮತ್ತೆ ಹೊರಟುಹೋಗುವ ಮಗು ಯಾವ ಊರಿನ ಮೂರನೆಯ ತರಗತಿಯದು? ಇನ್ನು ಸಂಕೇಶ್ವರದ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಮಗು. ಡಾಲಿಯ ಕನ್ನಡ ಹಾಳೆಯನ್ನು ಅದರ ಮುಂದಿಡಬೇಕೋ, ಮರಾಠಿಯದನ್ನೋ, ಎರಡನ್ನೂ ಇಟ್ಟು ಬಂದ ಅಂಕಗಳನ್ನು ಹೇಗೆ ಕೂಡಿಸಬೇಕೋ. ಇದಕ್ಕೆ ಒಬ್ಬರು ಮೂರು ವರ್ಷ ಇಲ್ಲಿಯೇ ಕೂತು ನೂರಾರು ಮಕ್ಕಳನ್ನು ಎರಡೂ ಭಾಷೆಯಲ್ಲಿ ಕೇಳಿ, ವಯಸ್ಸುವಾರು ಕೋಷ್ಟಕ ಬರೆಯಬೇಕು.